ಖಾಲಿ ಬಿಟ್ಟ ಟೇಪು

ಸುರಪುರದ ಬಸ್ ಸ್ಟ್ಯಾಂಡಿನ ಎದುರು ನನಗೊಂದು ಕ್ಯಾಸೆಟ್ ಅಂಗಡಿ ಇತ್ತು. ಅಂಗಡಿ ಎಂದರೆ ದೊಡ್ಡದೇನಲ್ಲ. ಎರಡು ಡೆಕ್ಕು, ಒಂದು ಸ್ಟೂಲು, ಗೋಡೆಗೆ ಹೊಡೆದ ಹಲಗೆಗಳ ಮೇಲೆ ಸಾಲು ಸಾಲು ಕ್ಯಾಸೆಟ್ಟು. ಆದರೂ ನನ್ನ ಕೆಲಸದ ಹೆಸರು ಶಹಾಪುರ ದಾಟಿ ಯಾದಗಿರಿಯ ತನಕ ಹೋಗಿತ್ತು, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಾನು ತುಂಬಿಕೊಟ್ಟ ಕ್ಯಾಸೆಟ್ಟಿನಲ್ಲಿ ಖಾಲಿ ಟೇಪು ಇರುತ್ತಿರಲಿಲ್ಲ. ಒಂದು ಹಾಡು ಮುಗಿದರೆ ಎರಡು ಎಣಿಸುವುದರೊಳಗೆ ಮತ್ತೊಂದು ಶುರು. ಕಡೆಯಲ್ಲಿ ಅರ್ಧ ನಿಮಿಷ ಉಳಿದರೂ ಅಲ್ಲೊಂದು ಪಲ್ಲವಿ ಕೂರಿಸುತ್ತಿದ್ದೆ. ನಾಟಕದ ಕ್ಯಾಸೆಟ್ಟು ಬಂದರೆ ಜನರ ಕೆಮ್ಮು, ಸಿಳ್ಳೆ, ಚಪ್ಪಾಳೆ ಎಲ್ಲ ತೆಗೆದುಹಾಕಿ ಬರೀ ಹಾಡು, ಬರೀ ಮಾತು ಇಳಿಸುತ್ತಿದ್ದೆ. ನನ್ನ ಹೆಬ್ಬೆರಳು ಯಾವಾಗಲೂ ಪಾಜ್ ಗುಂಡಿಯ ಮೇಲೇ ಇರುತ್ತಿತ್ತು. ಬೇರೆ ಅಂಗಡಿಯವರು ಡೆಕ್ಕು ಹಚ್ಚಿಟ್ಟು ಚಹಾ ಕುಡಿಯಲು ಹೋಗುವುದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಆಗ ಕಾಲುವೆಗೆ ನೀರು ಬಂದು ಏಳೆಂಟು ವರ್ಷವಾಗಿತ್ತು. ಜೋಳದ ಹೊಲಗಳೆಲ್ಲ ಒಂದೊಂದಾಗಿ ಭತ್ತದ ಗದ್ದೆಗಳಾಗುತ್ತಿದ್ದವು. ಮನೆ ಮನೆಗೆ ಟೇಪ್ ರೆಕಾರ್ಡರ್ ಬಂದಿತ್ತು, ಸೊಳ್ಳೆಯೂ ಬಂದಿತ್ತು. ನಮ್ಮ ಮನೆ ಸುರಪುರದ ಹತ್ತಿರದ ದೇವಾಪುರದಲ್ಲಿ. ಅವ್ವ ಅಲ್ಲಿ ಹೆಂಗಸರ ಗುಂಪು ಕಟ್ಟಿಕೊಂಡು ಸಸಿ ಹಚ್ಚಲು ಹೋಗುತ್ತಿದ್ದಳು. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ಅಕ್ಕನ ಮದುವೆ ಆಗಿ ಐದು ವರ್ಷವಾಗಿತ್ತು, ತಂಗಿಯ ಮದುವೆ ಗೊತ್ತಾಗಿತ್ತು.

ಒಂದು ದಿನ ನಾರಾಯಣಪುರದ ಡ್ಯಾಮಿನ ಕ್ವಾರ್ಟರ್ಸಿನಿಂದ ಎಂಜಿನಿಯರೊಬ್ಬರ ಹೆಂಡತಿ ಜೀಪಿನಲ್ಲಿ ಬಂದಿಳಿದರು. ಮೈಸೂರಿನ ಕಡೆಯವರು. ಕೈಯಲ್ಲಿ ಒಂದು ಕ್ಯಾಸೆಟ್ಟು, ಅದರ ಹೊಟ್ಟೆಯಿಂದ ಟೇಪು ಹೊರಗೆ ಜೋತಾಡುತ್ತಿತ್ತು. ಮಷಿನ್ನು ಜಗಿದುಬಿಟ್ಟಿತ್ತು. ಡ್ಯಾಮು ನೋಡಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬರ ಜೊತೆ ಅವರ ಹೆಂಡತಿಯೂ ಬಂದಿದ್ದರಂತೆ. ಎಂಟು ದಿನ ಇವರ ಮನೆಯಲ್ಲೇ ಉಂಡು ಹೋಗುವಾಗ ಇದನ್ನು ಕೊಟ್ಟು ಹೋಗಿದ್ದರು.

ಒಳಚೀಟಿಯಲ್ಲಿ ಇಂಗ್ಲಿಷಿನಲ್ಲಿ ಸೆಲ್ಟಿಕ್ ಎಂದೇನೋ ಬರೆದಿತ್ತು, ಕೆಳಗೆ ಕೆಲವು ಹೆಂಗಸರ ಫೋಟೋ. ಹಾಗೆಂದರೇನು ಎಂದು ಕೇಳಿದೆ. ಸ್ಕಾಟ್ಲೆಂಡಿನ ಸಮುದ್ರದ ನಡುಗಡ್ಡೆಗಳಲ್ಲಿ ಹಳೇ ಭಾಷೆಯ ಜನ ಇದ್ದಾರೆ, ಅಲ್ಲಿಯ ಹೆಂಗಸರು ಹಸಿ ಉಣ್ಣೆಯ ಬಟ್ಟೆಯನ್ನು ಹಲಗೆಯ ಮೇಲೆ ಬಡಿದು ಬಡಿದು ಗಟ್ಟಿ ಮಾಡುವಾಗ ಈ ಹಾಡು ಹಾಡುತ್ತಿದ್ದರು, ಈಗ ಈ ಗುಂಪಿನವರು ಅದನ್ನೇ ವೇದಿಕೆಯ ಮೇಲೆ ಹಾಡುತ್ತಾರೆ, ಇದು ಜನರ ಮುಂದೆ ಹಾಡಿದಾಗಲೇ ಹಿಡಿದದ್ದು ಎಂದು ಮೇಡಂ ವಿವರಿಸಿದರು. ಇನ್ನೊಂದು ಕಾಪಿ ಮಾಡಿಕೊಡಿ, ಇದು ಮತ್ತೆ ಹಾಳಾದರೆ ನನಗೆ ಬೇರೆ ಸಿಗುವುದಿಲ್ಲ ಎಂದರು.

ಜಜ್ಜಿದ ಟೇಪನ್ನು ಬ್ಲೇಡಿನಿಂದ ಕೊಯ್ದು, ಎರಡೂ ತುದಿ ಕೂಡಿಸಿ, ಉಗುರಿನಿಂದ ತಿಕ್ಕಿ ಅಂಟಿಸಿದೆ. ಆಮೇಲೆ ಕಾಪಿ ಇಳಿಸಿದೆ. ಹಾಡು ಮುಗಿದಾಗಲೆಲ್ಲ ಚಪ್ಪಾಳೆ ಬರುತ್ತಿತ್ತು, ಅದೂ ಒಂದು ನಿಮಿಷದ ತನಕ, ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ. ಹೆಬ್ಬೆರಳು ತನ್ನ ಕೆಲಸ ತಾನು ಮಾಡಿತು. ಒಂದೂ ಚಪ್ಪಾಳೆ ಇಲ್ಲದ, ಹಾಡಿಗೆ ಹಾಡು ಅಂಟಿಕೊಂಡ ಕ್ಯಾಸೆಟ್ಟು ತಯಾರಾಯಿತು. ನನ್ನ ಕೆಲಸಕ್ಕೆ ನಾನೇ ತಲೆದೂಗಿ ಕಳಿಸಿಕೊಟ್ಟೆ.

ವಾರದೊಳಗೆ ಮೇಡಂ ತಿರುಗಿ ಬಂದರು. ಮುಖ ಕೆಂಪಾಗಿತ್ತು.

"ಹಾಡೆಲ್ಲಾ ಇದೆ. ಜನ ಎಲ್ಲಿ ಹೋದ್ರು?"

"ಜನ ಯಾರಿಗೆ ಬೇಕ್ರಿ ಮೇಡಂ. ಹಾಡು ಸ್ವಚ್ಛ ಬಂದಾವಲ್ರಿ," ಎಂದೆ.

"ನನಗೆ ಬೇಕು. ನಮ್ಮವರು ಬೆಳಿಗ್ಗೆ ಡ್ಯಾಮಿನ ಗೇಟಿನ ಕಡೆ ಹೋದ್ರೆ ಸಂಜೆವರೆಗೂ ಮನೇಲಿ ನಾನೊಬ್ಬಳೇ. ಇದನ್ನ ಹಾಕಿಕೊಂಡ್ರೆ ಅಷ್ಟು ಜನರ ಮಧ್ಯೆ ಕೂತ ಹಾಗಿರುತ್ತೆ. ನೀವು ಎಲ್ಲರನ್ನೂ ಎಬ್ಬಿಸಿ ಕಳಿಸಿಬಿಟ್ರಲ್ಲ."

ನನ್ನ ಕೆಲಸಕ್ಕೆ ಹೆಸರಿಟ್ಟರೆ ಸುಮ್ಮನಿರುವ ಜಾತಿಯವನಲ್ಲ ನಾನು. ಅವತ್ತು ಮಾತ್ರ ಮೂಲ ಕ್ಯಾಸೆಟ್ಟನ್ನು ಅವರಿಂದ ತಿರುಗಿ ಇಸಿದುಕೊಂಡೆ. ಎರಡು ದಿನ ಬಿಟ್ಟು ಬರ್ರಿ, ಮತ್ತೆ ಮಾಡಿಕೊಡುತ್ತೇನೆ ಎಂದಷ್ಟೇ ಹೇಳಿದೆ.

ಮರುದಿನ ಮಧ್ಯಾಹ್ನ ಅವ್ವ ಬುತ್ತಿ ತಂದಳು. ದಿನಾ ಯಾರ ಕೈಯಲ್ಲೋ ಬಸ್ಸಿಗೆ ಕಳಿಸುತ್ತಿದ್ದವಳು, ಅವತ್ತು ಮದುವೆಯ ಬಳೆ ನೋಡಲೆಂದು ತಾನೇ ಬಂದಿದ್ದಳು. ಇಲ್ಲಿ ಅವ್ವನ ಹಳೇ ಕತೆ ಒಂದಿಷ್ಟು ಹೇಳಬೇಕು.

ನಮ್ಮ ಕಡೆ ಮದುವೆಯಲ್ಲಿ ಬೀಗರು ಊಟಕ್ಕೆ ಕೂತಾಗ ಹೆಂಗಸರು ಎರಡು ಪಾಳಿಯಾಗಿ ಪದ ಹೇಳುತ್ತಾರೆ. ಗಂಡಿನ ಕಡೆಯವರು ಒಂದು ಚೇಷ್ಟೆಯ ಪದ ಎತ್ತಿದರೆ ಹೆಣ್ಣಿನ ಕಡೆಯವರು ಅದರ ಸೊಲ್ಲು ಹಿಡಿದು, ಉತ್ತರದ ಪದ ಕಟ್ಟಿ ತಿರುಗಿಸಬೇಕು. ಸೊಲ್ಲು ಎಂದರೆ ಪ್ರತಿ ಸಾಲಿನ ಕಡೆಗೆ ಎಲ್ಲರೂ ಕೂಡಿ ಹೇಳುವ ಮರುಮಾತು. ಉತ್ತರ ಬರದಿದ್ದರೆ ಆ ಕಡೆಯವರು ಅದೇ ಪದ ಮೂರು ಸಲ ಎತ್ತುತ್ತಾರೆ. ಮೂರಕ್ಕೂ ಬಾಯಿ ಬಿಡದಿದ್ದರೆ ಸೋತ ಲೆಕ್ಕ. ದೇವಾಪುರದ ಹೆಂಗಸರು ಸೋತವರಲ್ಲ, ಯಾಕೆಂದರೆ ಮುಂದೆ ಕೂರುತ್ತಿದ್ದವಳು ನಮ್ಮವ್ವ. ಸುತ್ತಲ ಹತ್ತು ಊರಿನವರು ಮದುವೆ ಗೊತ್ತಾದ ಕೂಡಲೇ ಅವ್ವನಿಗೆ ಎಲೆ ಅಡಿಕೆ ಕಳಿಸುತ್ತಿದ್ದರು.

ಅಕ್ಕನನ್ನು ಗುರುಮಠಕಲ್ ಕಡೆಗೆ ಕೊಟ್ಟೆವು. ಅಲ್ಲಿಯವರ ಮಾತಿನಲ್ಲಿ ಅರ್ಧ ತೆಲುಗು. ಮದುವೆಯ ದಿನ ಆ ಹೆಂಗಸರು ಎತ್ತಿದ ಪದವೂ ಅರ್ಧ ತೆಲುಗು, ಸೊಲ್ಲಂತೂ ಪೂರ್ತಿ ತೆಲುಗು. ಅವ್ವ ಒಂದು ಸಲ ಕೇಳಿದಳು, ಎರಡು ಸಲ ಕೇಳಿದಳು, ಮೂರನೆಯದೂ ಮುಗಿಯಿತು. ಅವಳಿಗೆ ಸೊಲ್ಲು ಸಿಗಲಿಲ್ಲ. ಬೀಗರು ಕೈ ತಟ್ಟಿ ನಕ್ಕರು. ನಗುವುದು ಆಟದ ಭಾಗವೇ, ಅದರಲ್ಲಿ ಅವರ ತಪ್ಪಿಲ್ಲ. ಆದರೆ ತನ್ನ ಸ್ವಂತ ಮಗಳ ಮದುವೆಯಲ್ಲಿ ಸೋತೆ ಎಂಬುದು ಅವ್ವನ ಎದೆಯಲ್ಲಿ ಕೂತುಬಿಟ್ಟಿತು. ಅವತ್ತಿನಿಂದ ಯಾರ ಎಲೆ ಅಡಿಕೆಯನ್ನೂ ತೆಗೆದುಕೊಳ್ಳಲಿಲ್ಲ. ಸಸಿ ಹಚ್ಚುವಾಗ ಉಳಿದವರು ಹಾಡಿದರೆ ಇವಳು ಬಗ್ಗಿಕೊಂಡು ಸುಮ್ಮನೆ ಕೈ ಆಡಿಸುತ್ತಿದ್ದಳು. ಐದು ವರ್ಷ ನಾನು ಅವಳ ಹಾಡು ಕೇಳಿರಲಿಲ್ಲ.

ಈಗ ತಂಗಿಯನ್ನೂ ಅದೇ ಮನೆಗೆ ಕೊಡುವುದೆಂದು ಮಾತಾಗಿತ್ತು, ಅಕ್ಕನ ಮೈದುನನಿಗೆ. ಒಳ್ಳೆಯ ಮನೆ, ಒಳ್ಳೆಯ ಹುಡುಗ, ಅವ್ವನೇ ಒಪ್ಪಿದ್ದಳು. ಒಂದು ಮಾತ್ರ ಮೊದಲೇ ಹೇಳಿಬಿಟ್ಟಿದ್ದಳು. "ಪದ ಹೇಳಾಕ ಸುರಪುರದಾಗ ಯಾರರ ಇದ್ರ ನೋಡಪಾ. ನಾ ಮುಂದ ಕುಂದ್ರಂಗಿಲ್ಲ." ಆ ಮಾತು ನನಗೆ ಹುಣಸೆಹಣ್ಣು ಕಡಿದಷ್ಟು ಹುಳಿಯಾಗಿತ್ತು. ನಮ್ಮವ್ವ ಇರುವಾಗ ಬಾಡಿಗೆಯ ಬಾಯಿ ತರುವುದೆಂದರೇನು?

ಸರಿ, ಬುತ್ತಿ ಬಿಚ್ಚಿದೆ. ಡೆಕ್ಕಿನಲ್ಲಿ ಮೇಡಂ ಅವರ ಕ್ಯಾಸೆಟ್ಟು ಮತ್ತೆ ಇಳಿಯುತ್ತಿತ್ತು, ಈ ಸಲ ಚಪ್ಪಾಳೆ ಸಮೇತ. ಅವ್ವ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸೆರಗು ನಿಂತಿತು.

"ಯಾರೋ ಇವರು?"

"ಇಂಗ್ಲೆಂಡಿನ ಮ್ಯಾಲಿನ ಕಡಿಯವರಂತ ಯವ್ವಾ. ಕಂಬಳಿ ಬಡಿಯೂ ಮುಂದ ಹೇಳೂ ಪದ ಅಂತ."

"ಅದಕ್ಕ ಧಬ್ ಧಬ್ ಅನ್ನಾಕತ್ತದ. ಡೊಳ್ಳಿಲ್ಲ, ಪೇಟಿ ಇಲ್ಲ, ಬರೇ ಬಾಯಿಲೆ ಹೇಳಾಕತ್ತಾರ." ಕಿವಿ ಡೆಕ್ಕಿನ ಹತ್ತಿರ ಒಯ್ದಳು. "ಮುಂದ ಒಬ್ಬಾಕಿ, ಹಿಂದ ಏಳು ಮಂದಿ. ಅದರಾಗ ಒಬ್ಬಾಕಿಗೆ ನೆಗಡಿ ಆಗೇದ ನೋಡು."

ನಾನು ನಗುತ್ತ ಒಳಚೀಟಿ ತೆಗೆದು ಫೋಟೋ ಎಣಿಸಿದೆ. ಒಟ್ಟು ಎಂಟು ಹೆಂಗಸರು. ರೊಟ್ಟಿ ಕೈಯಲ್ಲೇ ಉಳಿಯಿತು.

ಹಾಡು ಮುಗಿಯಿತು. ಚಪ್ಪಾಳೆ ಶುರುವಾಯಿತು. ಅವ್ವ ಕಾದಳು. ಚಪ್ಪಾಳೆ ಮುಗಿಯಿತು, ಮುಂದಿನ ಹಾಡು ಬಂತು. ಅದು ಮುಗಿದ ಮೇಲೆ ಮತ್ತೆ ಚಪ್ಪಾಳೆ.

"ಎಷ್ಟು ಮಂದಿ ಕುಂತಾರ ಅಲ್ಲಿ," ಎಂದಳು. "ಒಬ್ಬಾಕಿರ ತಿರುಗಿ ಪದ ಹೇಳವಲ್ಲಳಲ್ಲ. ಬರೇ ಕೈ ಬಡದು ಕಳಿಸಾಕತ್ತಾರ. ಪಾಪ, ಅಷ್ಟು ಛಲೋ ಹೇಳಿದವರಿಗಿ ಎಷ್ಟು ಬ್ಯಾಸರ ಆಗಿರಬೇಕು."

ಅದು ಸಭೆ, ಅಲ್ಲಿ ಹಾಗೇ ಪದ್ಧತಿ, ಚಪ್ಪಾಳೆಯೇ ಅವರಿಗೆ ಉತ್ತರ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮೂರನೆಯ ಹಾಡು ಮುಗಿದು ಚಪ್ಪಾಳೆ ಎದ್ದಿತು. ಆ ಚಪ್ಪಾಳೆಯ ಮೇಲೆಯೇ ಅವ್ವ ಪದ ಎತ್ತಿದಳು. ಕುಟ್ಟುವಾಗಿನ ಪದ, ನಾನು ಚಿಕ್ಕಂದಿನಲ್ಲಿ ಒಳಕಲ್ಲಿನ ಹತ್ತಿರ ಕೂತು ಕೇಳಿದ್ದು. ದನಿ ಮೊದಲು ಒಡೆಯಿತು, ಎರಡನೇ ಸಾಲಿಗೆ ನಿಂತಿತು. ಮೂರನೇ ಸಾಲಿಗೆ ಬರುವುದರೊಳಗೆ ಟೇಪಿನ ಹೆಂಗಸರು ತಮ್ಮ ಮುಂದಿನ ಹಾಡು ಎತ್ತಿಬಿಟ್ಟರು. ಅವ್ವ ಸಟ್ಟನೆ ನಿಲ್ಲಿಸಿದಳು.

"ಉತ್ತರ ಮುಗಿಯೂ ಮಟ ತಡೀರಿ ಅಂತ ಹೇಳೋ ಅವರಿಗಿ," ಎಂದಳು. ನಿಜವಾಗಿಯೂ ಸಿಟ್ಟು ಬಂದಿತ್ತು.

ನನಗೆ ನಗು ಬಂತು. ಐದು ವರ್ಷದ ಮೇಲೆ ಅವ್ವ ಬಾಯಿ ಬಿಟ್ಟಿದ್ದಳು, ಅದೂ ನನ್ನ ಅಂಗಡಿಯಲ್ಲಿ. ಪಾಜ್ ಒತ್ತಿ, "ಈಗ ಹೇಳು, ಅವರು ತಡೀತಾರ" ಎಂದೆ.

"ನೀ ಅವರ ಬಾಯಿ ಹಿಡೀಬ್ಯಾಡ," ಎಂದಳು. "ಅವರಾಗೇ ತಡೀಬೇಕು. ಬಾಯಿ ಮುಚ್ಚಿಸಿ ಉತ್ತರ ಹೇಳಿದ್ರ ಅದು ಉತ್ತರ ಅಲ್ಲ." ಇಷ್ಟು ಹೇಳಿ ಬಳೆ ನೋಡಲು ಹೋಗಿಬಿಟ್ಟಳು.

ಮೇಡಂ ಕಾಪಿ ಮುಗಿಸಿ ಎತ್ತಿಟ್ಟೆ. ಆಮೇಲೆ ಹೊಸದೊಂದು ಕ್ಯಾಸೆಟ್ಟು ಬಿಚ್ಚಿದೆ. ಒಂದು ಹಾಡು, ಅದರ ಚಪ್ಪಾಳೆ, ಆಮೇಲೆ ಮೂರು ನಿಮಿಷ ಖಾಲಿ. ಮತ್ತೊಂದು ಹಾಡು, ಚಪ್ಪಾಳೆ, ಮತ್ತೆ ಖಾಲಿ. ಖಾಲಿ ಟೇಪು ಕಂಡರೆ ಬೈಯುತ್ತಿದ್ದ ಮನುಷ್ಯ ನಾನು, ನನ್ನ ಕೈಯಾರೆ ಅದನ್ನು ಅಳೆದು ಅಳೆದು ಬಿಟ್ಟೆ. ಆ ಹೊತ್ತಿಗೆ ಒಬ್ಬ ಗಿರಾಕಿ ಬಂದು, ಡೆಕ್ಕು ಓಡುತ್ತಿದೆ, ಸದ್ದೇ ಇಲ್ಲ, ಕೆಟ್ಟಿದೆಯೇನು ಎಂದು ಕೇಳಿದ. ನಿನ್ನ ಕಿವಿ ಕೆಟ್ಟದ ಎಂದು ಗದರಿಸಿ ಕಳಿಸಿದೆ.

ಮರುದಿನವೂ ಅವ್ವನನ್ನೇ ಬುತ್ತಿ ತರಲು ಹೇಳಿಕಳಿಸಿದೆ. ಕ್ಯಾಸೆಟ್ಟು ಹಚ್ಚಿದೆ. ಹಾಡು ಮುಗಿಯಿತು, ಚಪ್ಪಾಳೆ ಮುಗಿಯಿತು, ಹೆಂಗಸರು ಸುಮ್ಮನಾದರು. ಅವ್ವ ನನ್ನ ಮುಖ ನೋಡಿದಳು. ನನ್ನ ಎರಡೂ ಕೈ ಮಡಿಲಲ್ಲಿದ್ದವು.

"ತಡದಾರ," ಎಂದಳು. ಪದ ಎತ್ತಿದಳು.

ಅದು ನನ್ನ ಕೈಚಳಕ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವಳೇನು ದಡ್ಡಿಯಲ್ಲ. ಆದರೆ ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ಅಲ್ಲಿಂದ ಮುಂದೆ ದಿನಾ ಬುತ್ತಿಯ ಹೊತ್ತಿಗೆ ಅವರು ಒಂದು ಹೇಳುವುದು, ಅವ್ವ ಒಂದು ಹೇಳುವುದು ನಡೆಯಿತು. ಅವರನ್ನು ಅವ್ವ ಬೀಗರು ಎಂದೇ ಕರೆಯತೊಡಗಿದಳು. "ಬೀಗರನ್ನ ಹಚ್ಚಪಾ" ಎನ್ನುವಳು. ನೆಗಡಿಯವಳ ಆರೋಗ್ಯ ವಿಚಾರಿಸುವಳು. ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಕಟ್ಟೆಯ ಮೇಲೆ ಕೂತು ಕೇಳತೊಡಗಿದರು.

ಹತ್ತು ಹನ್ನೆರಡು ದಿನದ ಮೇಲೆ ಇನ್ನೊಂದು ನಡೆಯಿತು. ಮುಂದಿನವಳು ಸಾಲು ಹೇಳಿದಾಗ ಹಿಂದಿನ ಏಳು ಮಂದಿಯ ಜೊತೆ ಅವ್ವನೂ ಅವರ ಸೊಲ್ಲು ಹಿಡಿದಳು, ಒಂದಿಷ್ಟೂ ಮುಂದೆ ಹಿಂದೆ ಆಗದೆ. ಒಂಬತ್ತನೆಯವಳಾಗಿ ಕೂತುಬಿಟ್ಟಳು.

"ಮಾತು ಹ್ಯಾಂಗ ತಿಳೀತು ಯವ್ವಾ?" ಎಂದು ಕೇಳಿದೆ.

"ಮಾತು ಯಾರಿಗಿ ತಿಳೀತದ? ಸೊಲ್ಲಿನ ಬಾಲ ಎಲ್ಲಿ ಬೀಳತದ ಅಂತ ಕೇಳಬೇಕು ಅಷ್ಟ. ನಿಮ್ಮಕ್ಕನ ಮದುವ್ಯಾಗ ನಾ ಮಾತು ತಿಳಕೊಳ್ಳಾಕ ಹೋಗಿದ್ದೆ. ಅದಕ್ಕ ಸಿಗಲಿಲ್ಲ." ಬುತ್ತಿಯ ಗಂಟು ಕಟ್ಟುತ್ತ, ನನ್ನ ಕಡೆ ನೋಡದೆ ಹೇಳಿದಳು. "ಸುರಪುರದವರಿಗಿ ಹೇಳೀಯೇನು ಬರಾಕ?"

"ಇನ್ನಾ ಇಲ್ಲ."

"ಬ್ಯಾಡ ಬಿಡು."

ಮದುವೆ ನಡೆದದ್ದು ಸುಗ್ಗಿ ಮುಗಿದ ಮೇಲೆ, ದೇವಾಪುರದ ನಮ್ಮ ಮನೆಯಂಗಳದ ಹಂದರದಲ್ಲಿ. ಬೀಗರು ಬೆಳಿಗ್ಗೆಯೇ ಲಾರಿಯಲ್ಲಿ ಬಂದಿಳಿದರು. ತಲೆಯಿಂದ ಕಾಲಿನ ತನಕ ಕೆಂಧೂಳು. ಇಳಿದವರೇ ಸೀದಾ ಕಾಲುವೆಗೆ ಹೋದರು. ಅವರದು ಮಳೆ ನಂಬಿದ ಒಣ ನೆಲ, ಅಷ್ಟು ನೀರು ಸುಮ್ಮನೆ ಹರಿಯುವುದನ್ನು ಕಂಡು ಹೆಂಗಸರು ಮೆಟ್ಟಿಲ ಮೇಲೆ ಕೂತು ಕಾಲು ತೊಳೆದರು, ಮುಖ ತೊಳೆದರು, ಮತ್ತೆ ಕಾಲು ತೊಳೆದರು. ಕರೆಯಲು ಹೋದವರು ಎರಡು ಸಲ ಬರಿಗೈಯಲ್ಲಿ ತಿರುಗಿ ಬಂದರು. ಅವ್ವ ಇದನ್ನೆಲ್ಲ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ನಾರಾಯಣಪುರದ ಮೇಡಂ ಅವರನ್ನೂ ಕರೆದಿದ್ದೆ, ಬಂದು ನಮ್ಮ ಹೆಂಗಸರ ನಡುವೆ ಚಾಪೆಯ ಮೇಲೆ ಕೂತಿದ್ದರು.

ಮುಹೂರ್ತದ ಅಕ್ಕಿಕಾಳು ಬಿದ್ದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನಾನು ಟೇಪ್ ರೆಕಾರ್ಡರಿಗೆ ಹೊಸ ಸೆಲ್ಲು ಹಾಕಿ, ಹಂದರದ ಕಂಬಕ್ಕೆ ಮೈಕು ಕಟ್ಟಿ ರೆಕಾರ್ಡ್ ಗುಂಡಿ ಒತ್ತಿದೆ. ಅವ್ವ ಬಂದು ಮುಂದೆ ಕೂತಳು. ಎದುರು ಸಾಲಿನಲ್ಲಿ ಗಂಡಿನ ತಾಯಿ, ಅವರ ಸುತ್ತ ಗುರುಮಠಕಲ್ಲಿನ ಹತ್ತು ಹದಿನೈದು ಹೆಂಗಸರು. ಅವರು ಎತ್ತಿದ್ದು ಐದು ವರ್ಷದ ಹಿಂದಿನ ಅದೇ ಪದ. ಒಂದು ಸಲ ಮುಗಿಯಿತು. ಅವ್ವ ಸುಮ್ಮನಿದ್ದಳು. ಎರಡನೇ ಸಲವೂ ಮುಗಿಯಿತು. ಅವ್ವನ ಕಣ್ಣು ಮುಚ್ಚಿತ್ತು. ನಮ್ಮ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ತಂಗಿ ತಲೆ ತಗ್ಗಿಸಿದಳು. ಇವಳನ್ನು ಮತ್ತೆ ಇಲ್ಲಿ ತಂದು ಕೂರಿಸಿದ್ದು ನಾನೇ ಎಂದು ನನ್ನನ್ನೇ ಬೈದುಕೊಂಡೆ.

ಮೂರನೇ ಸಲ ಅವರು ಮೊದಲ ಸಾಲು ಹೇಳಿ ಮುಗಿಸುವಷ್ಟರಲ್ಲಿ ಅವ್ವ ಆ ತೆಲುಗು ಸೊಲ್ಲನ್ನು ಬಾಲದ ಸಮೇತ ಹಿಡಿದಳು. ಕಡೆಯ ತನಕ ಬಿಡಲಿಲ್ಲ. ಗಂಡಿನ ತಾಯಿ ಹುಬ್ಬೇರಿಸಿ, ಭೇಷ್ ಎಂಬಂತೆ ತಲೆಯಾಡಿಸಿದರು. ಆಮೇಲೆ ಅವ್ವ ಉತ್ತರದ ಪದ ಎತ್ತಿದಳು. ಮಾತು ಅವಳದೇ, ಆದರೆ ಧಾಟಿ ಕಂಬಳಿ ಬಡಿಯುವ ಬೀಗರದು. ಪಕ್ಕದಲ್ಲಿದ್ದ ಮರದ ಹಲಗೆಯನ್ನು ಅಂಗೈಯಿಂದ ಬಡಿಯುತ್ತ ಹೇಳಿದಳು.

ಗುರುಮಠಕಲ್ಲಿನ ಬೀಗರು ಬಂದಾರ
ಕಾಲುವಿ ಕಂಡು ಕಾಲ ತೊಳೆದಾರ
ತೊಳೆದ ಕಾಲನ್ನ ತಿರುಗಿ ತೊಳೆದಾರ
ಉಣಬರ್ರಿ ಅಂದರ ಒಲ್ಲೆವಂದಾರ

ನಮ್ಮ ಕಡೆಯವರು ಬಿದ್ದು ಬಿದ್ದು ನಕ್ಕರು. ಆ ಕಡೆ ಯಾರಿಗೂ ಸೊಲ್ಲು ಸಿಗಲಿಲ್ಲ. ಅಂಥ ಧಾಟಿಯನ್ನು ಈ ಕಡೆ ಯಾರು ಕೇಳಿದ್ದರು? ಅವ್ವ ಎರಡನೇ ಸಲ ಎತ್ತಿದಳು. ಮೂರನೇ ಸಲವೂ ಎತ್ತಿ ಮುಗಿಸಿದಳು. ಹಂದರ ಸುಮ್ಮನಾಯಿತು. ಗಂಡಿನ ತಾಯಿ ತಮ್ಮ ತೊಳೆದ ಕಾಲನ್ನು ಸೀರೆಯೊಳಗೆ ಎಳೆದುಕೊಂಡಿದ್ದನ್ನು ನಾನು ನೋಡಿದೆ. ಅವ್ವನೂ ನೋಡಿದಳು.

ನಾವು ಗೆದ್ದಿದ್ದೆವು. ನಾನು ಕೂಗಬೇಕೆಂದಿದ್ದೆ. ಅಷ್ಟರಲ್ಲಿ ಅವ್ವ ಎದ್ದಳು. ಎಲೆಗಳ ಸಾಲು ಸುತ್ತಿಕೊಂಡು ಹೋಗಿ ಗಂಡಿನ ತಾಯಿಯ ಪಕ್ಕದಲ್ಲಿ, ಬೀಗರ ಚಾಪೆಯ ಮೇಲೆ ಕೂತಳು. ಅಲ್ಲಿಂದ, ನಮ್ಮ ಕಡೆ ಮುಖ ಮಾಡಿ, ಅದೇ ಧಾಟಿಯಲ್ಲಿ ತನ್ನ ಪದಕ್ಕೆ ತಾನೇ ಉತ್ತರ ಹೇಳಿದಳು.

ಹೆಣ್ಣು ಒಯ್ಯಾಕ ಬಂದೇವ ಬೀಗತಿ
ಧೂಳಿನ ಕಾಲಿಲೆ ಹ್ಯಾಂಗ ತುಳಿಯೋಣ ನಿನ್ನ ಮನಿ

ಸೊಲ್ಲಾಗುವ ಎರಡನೇ ಸಾಲನ್ನು ನಿಧಾನವಾಗಿ, ಕಲಿಸುವ ಹಾಗೆ ಇನ್ನೊಮ್ಮೆ ಹೇಳಿದಳು. ಗಂಡಿನ ತಾಯಿ ಅವಳ ತೊಡೆಯ ಮೇಲೆ ಕೈಯಿಟ್ಟು ಸೊಲ್ಲು ಹಿಡಿದರು. ಅವರ ಹಿಂದೆ ಗುರುಮಠಕಲ್ಲಿನ ಹೆಂಗಸರೆಲ್ಲ ಹಿಡಿದರು.

ನಮ್ಮ ಕಡೆ ಮೆಚ್ಚುಗೆಗೆಂದು ಪದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅವತ್ತು ಒಬ್ಬರು ತಟ್ಟಿದರು, ನಾರಾಯಣಪುರದ ಮೇಡಂ. ಒಬ್ಬರೇ ತಟ್ಟುತ್ತಿದ್ದಾರೆಂದು ಅವರಿಗೆ ಗೊತ್ತಾಗುವುದರೊಳಗೆ ಅಕ್ಕ ಜೊತೆಗೂಡಿದಳು, ತಂಗಿಯೂ ಬಾಸಿಂಗ ಕಟ್ಟಿಕೊಂಡೇ ತಟ್ಟಿದಳು.

"ಆ ಧಾಟಿ ಎಲ್ಲಿ ಕಲಿತಿ ಬೀಗತಿ?" ಎಂದು ಉಣ್ಣುವಾಗ ಗಂಡಿನ ತಾಯಿ ಕೇಳಿದರು.

"ಅವರೂ ನಮ್ಮ ಬೀಗರಽ. ಭಾಳ ದೂರ ಅದಾರ," ಎಂದಳು ಅವ್ವ.

ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು, ಅವ್ವನೂ ಇಲ್ಲ. ಆ ಮದುವೆಯ ಕ್ಯಾಸೆಟ್ಟು ಮಾತ್ರ ನನ್ನ ಹತ್ತಿರ ಇದೆ. ಕೇಳಿದವರಿಗೆಲ್ಲ ಕಾಪಿ ಮಾಡಿಕೊಟ್ಟಿದ್ದೇನೆ, ಒಂದರಲ್ಲೂ ಪಾಜ್ ಒತ್ತಲಿಲ್ಲ. ಅವ್ವ ಮೂರನೇ ಸಲ ಪದ ಮುಗಿಸಿದ ಮೇಲೆ ಅದರಲ್ಲಿ ಟೇಪು ಸುಮ್ಮನೆ ಓಡುತ್ತದೆ. ಹಾಡಿಲ್ಲ, ಮಾತಿಲ್ಲ. ಕೇಳುವವರು ಮುಗಿಯಿತೆಂದು ಕೈ ಚಾಚುತ್ತಾರೆ. ತಡೀರಿ ಎನ್ನುತ್ತೇನೆ. ಬಳೆಯ ಸಪ್ಪಳ ಬರುತ್ತದೆ, ಅವ್ವ ನಮ್ಮ ಕಡೆಯಿಂದ ಎದ್ದು ನಡೆದುಹೋಗುವ ಸಪ್ಪಳ. ಆಮೇಲೆ ಅವಳ ದನಿ ಬೀಗರ ಕಡೆಯಿಂದ ಬರುತ್ತದೆ.